ಮೀನಿಗೆ ಕ್ವಾರ್ಟರ್ಸ್, ನಮಗೆ ಮದ್ರಾಸ್ ಐ

ಎರಡು ತಿಂಗಳ ಹಿಂದೆ ಒಂದು ಭಾನುವಾರ, ನನ್ನ ನಾದಿನಿ ಸುಮಿತ್ರಳನ್ನು ನೋಡುವುದಕ್ಕೆ ತುಮಕೂರಿನಿಂದ ಗಂಡಿನ ಕಡೆಯವರು ಬಂದರು.

ಬಾಗಿಲು ತೆಗೆದವರು ನಮ್ಮ ಯಜಮಾನರು. ಇಸ್ತ್ರಿ ಮಾಡಿದ ಪಂಚೆ, ಬಿಳಿ ಶರ್ಟು, ಕಣ್ಣಿಗೆ ಕಪ್ಪು ಕೂಲಿಂಗ್ ಗ್ಲಾಸು. ಅವರ ಹಿಂದೆ ನಮ್ಮತ್ತೆ. ಕೈಯಲ್ಲಿ ಜಪಮಣಿ, ಕಣ್ಣಿಗೆ ಕೂಲಿಂಗ್ ಗ್ಲಾಸು. ನೀರಿನ ಲೋಟಗಳನ್ನು ಹಿಡಿದು ಬಂದವಳು ನಾನು. ನನಗೂ ಕೂಲಿಂಗ್ ಗ್ಲಾಸು. ಆಮೇಲೆ ತಲೆತುಂಬ ಮಲ್ಲಿಗೆ ಮುಡಿದು, ಮೈಸೂರು ಸಿಲ್ಕ್ ಉಟ್ಟು, ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳಲ್ಲ ಮದುವೆ ಹೆಣ್ಣು, ಅವಳಿಗೂ!

ಗಂಡಿನ ತಂದೆ ರಿಟೈರಾದ ಹೆಡ್‌ಮಾಸ್ಟರು. ನಮ್ಮ ನಾಲ್ವರನ್ನೂ ಒಂದು ಸುತ್ತು ನೋಡಿದರು. ಗಂಟಲು ಸರಿಮಾಡಿಕೊಂಡರು.

"ಮನೇಲಿ ಎಲ್ಲರೂ ಹೀಗೇನಾ?"

ಏನು ಹೇಳುವುದು? ಇದಕ್ಕೆಲ್ಲ ಕಾರಣ ಮೀನು ಅಂದರೆ ಅವರು ನಂಬುತ್ತಿದ್ದರಾ? ನೀವಾದರೂ ನಂಬುತ್ತೀರಿ ಅಂತ ಮೊದಲಿನಿಂದ ಹೇಳುತ್ತೇನೆ.

ಒಂದೊಂದು ಮನೆಯ ಗಂಡಸಿಗೆ ಒಂದೊಂದು ಹುಚ್ಚು. ಕೆಲವರಿಗೆ ಇಸ್ಪೀಟು, ಕೆಲವರಿಗೆ ಕುದುರೆ ರೇಸು. ನಮ್ಮ ಯಜಮಾನರಿಗೆ ಮೀನು. (ತಿನ್ನುವುದಕ್ಕಲ್ಲ, ಸ್ವಾಮಿ! ಎದುರುಮನೆಯವರು ಹಾಗಂತ ಸುದ್ದಿ ಹಬ್ಬಿಸಿದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ನಮ್ಮದು ಮೊಟ್ಟೆ ಕೂಡ ಒಳಗೆ ಬರದ ಮನೆ.) ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿರುವ ಇವರು, ಸಂಜೆ ಮನೆಗೆ ಬಂದು ಮೊದಲು ಮಾತಾಡಿಸುವುದು ಹಾಲ್‌ನಲ್ಲಿರುವ ಗಾಜಿನ ತೊಟ್ಟಿಯನ್ನು. ಆಮೇಲೆ ನನ್ನನ್ನು.

ಕೆರೆಯ ಮೀನೋ, ಬಾವಿಯ ಮೀನೋ ಸಾಕಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇವರಿಗೆ ಸಮುದ್ರದ ಮೀನೇ ಆಗಬೇಕು. ಅದಕ್ಕೆ ಸಮುದ್ರದ ನೀರೇ ಬೇಕು. ಬೆಂಗಳೂರಿಗೂ ಸಮುದ್ರಕ್ಕೂ ಏನು ನೆಂಟಸ್ತಿಕೆ? ನಮ್ಮ ರಾಜಾಜಿನಗರದ ನಲ್ಲಿಯಲ್ಲಿ ಕಾವೇರಿಯೇ ಕಣ್ಣೀರಿನ ಹಾಗೆ ಬರುತ್ತಾಳೆ. ಅಂಥಲ್ಲಿ ಇವರು ಬಂಗಾಳಕೊಲ್ಲಿಯನ್ನು ತಂದಿಟ್ಟಿದ್ದಾರೆ.

ಮದ್ರಾಸಿನಲ್ಲಿ ಇವರಿಗೊಬ್ಬ ಗೆಳೆಯ. ಅವರಿಗೂ ಇದೇ ಹುಚ್ಚು. ರಾಮೇಶ್ವರದ ಕಡೆಯ ಬೆಸ್ತರಿಂದ ಬಣ್ಣಬಣ್ಣದ ಮೀನು ತರಿಸುತ್ತಾರೆ. ಹೋದ ವರ್ಷ ನಮ್ಮ ತೊಟ್ಟಿ ತುಂಬ ಮೀನಿತ್ತು. ಅದರಲ್ಲೊಂದು ಕಿತ್ತಳೆ ಬಣ್ಣದ್ದು, ಮೈಮೇಲೆ ಉದ್ದುದ್ದ ಬಿಳಿ ಪಟ್ಟೆ. ನಮ್ಮತ್ತೆ ಅದನ್ನು ನೋಡಿ, "ನಾಮ ಹಾಕ್ಕೊಂಡಿದೆ ಪಾಪ" ಅಂತ 'ಆಚಾರ್ರು' ಅಂತಲೇ ಹೆಸರಿಟ್ಟರು. ಅಷ್ಟರಲ್ಲಿ ಗೆಳೆಯರು ಕಳಿಸಿದ ಹೊಸ ಮೀನೊಂದನ್ನು ಇವರು ತಂದವರೇ ತೊಟ್ಟಿಗೆ ಬಿಟ್ಟರು. ವಾರದಲ್ಲಿ ಎಲ್ಲ ಮೀನಿನ ಮೈಮೇಲೂ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿ ತೇಲಿದವು. ಉಳಿದವರು ಆಚಾರ್ರೊಬ್ಬರೇ.

ನಮ್ಮ ಯಜಮಾನರು ಆ ದಿನ ಊಟ ಮಾಡಲಿಲ್ಲ. ತಮಾಷೆಯಲ್ಲ, ನಿಜವಾಗಿ ಮಾಡಲಿಲ್ಲ. ಕಾಂಪೌಂಡಿನ ಸಂಪಿಗೆ ಗಿಡದ ಬುಡದಲ್ಲಿ ಗುಂಡಿ ತೋಡಿ, ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದರು. ಆ ಬೆನ್ನು ನೋಡಿ ನನಗೆ ಬೈಯಲು ಮನಸ್ಸು ಬರಲಿಲ್ಲ.

ಆಮೇಲೆ ಲೈಬ್ರರಿಗೆ ಹೋಗಿ ಯಾವುದೋ ಇಂಗ್ಲಿಷ್ ಮ್ಯಾಗಜೀನ್ ಓದಿಕೊಂಡು ಬಂದರು. ಮುಖದಲ್ಲಿ ಜ್ಞಾನೋದಯ.

"ಕ್ವಾರಂಟೈನ್ ಮಾಡಬೇಕಿತ್ತು ಕಣೇ! ಹೊಸ ಮೀನನ್ನ ಸೀದಾ ಬಿಡಬಾರದು. ಬೇರೆ ತೊಟ್ಟೀಲಿ ಮೂರ್ನಾಲ್ಕು ವಾರ ಇಟ್ಟು, ರೋಗ ಇಲ್ಲ ಅಂತ ಗ್ಯಾರಂಟಿ ಆದ್ಮೇಲೆ ಬಿಡಬೇಕು."

ಈ ಸಲ ಖುದ್ದು ಮದ್ರಾಸಿಗೇ ಹೋದರು. ಬೆಳಗಿನ ರೈಲಿಗೆ ವಾಪಸು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ನವಿಲುಗರಿಯ ನೀಲಿಯ ಪುಟಾಣಿ ಮೀನುಗಳು. ಜೊತೆಗೆ ಸಮುದ್ರದ ನೀರು ತುಂಬಿದ ಕ್ಯಾನುಗಳು. ಆಟೋದವನಿಗೆ ಅನುಮಾನ ಬಂದಿತಂತೆ.

"ಏನ್ ಸಾರ್ ಕ್ಯಾನಲ್ಲಿ? ಸೀಮೆಣ್ಣೆನಾ?"

"ಇಲ್ಲಪ್ಪಾ, ನೀರು."

"ಎಲ್ಲಿಂದ ಸಾರ್?"

"ಮದ್ರಾಸಿಂದ."

ಓಕಳಿಪುರದ ಹತ್ತಿರ ಆಟೋ ನಿಧಾನ ಮಾಡಿ, ಪೂರ್ತಿ ಹಿಂದಕ್ಕೆ ತಿರುಗಿ ಹೇಳಿದನಂತೆ: "ಸಾರ್, ಅಲ್ಲೇ ಅವ್ರಿಗೆ ಕುಡಿಯಕ್ಕೆ ನೀರಿಲ್ಲ. ಬಡವರ ಹೊಟ್ಟೆ ಮೇಲೆ ಯಾಕ್ ಸಾರ್ ಹೊಡೀತೀರಾ?"

ಕ್ವಾರಂಟೈನ್ ತೊಟ್ಟಿ ಎಲ್ಲಿಡುವುದು? ನಮ್ಮದು ಹಾಲು, ಅಡುಗೆಮನೆ, ನಮ್ಮ ರೂಮು, ಸುಮಿತ್ರಳ ರೂಮು. ಅಷ್ಟೇ. ಸುಮಿತ್ರ ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟು, ಅಣ್ಣನನ್ನು ಕಂಡರೆ ಪ್ರಾಣ. "ನನ್ ರೂಮಲ್ಲಿ ಇಡಣ್ಣ, ನಾನು ಹಾಲಲ್ಲಿ ಅಮ್ಮನ ಪಕ್ಕ ಮಲಗ್ತೀನಿ" ಅಂದಳು. ಅವಳ ಕನ್ನಡಿ ಮೇಜಿನ ಮೇಲೆ ತೊಟ್ಟಿ ಬಂತು. ಒಳಗೆ ಕಲ್ಲಿಲ್ಲ, ಮರಳಿಲ್ಲ. ಬಚ್ಚಿಟ್ಟುಕೊಳ್ಳುವುದಕ್ಕೆ ಒಂದು ಪೈಪಿನ ತುಂಡು. ಗಾಳಿ ಬಿಡುವುದಕ್ಕೆ ಗುರ್ರ್ ಅನ್ನುವ ಕರೆಂಟಿನ ಪಂಪು.

ನಮ್ಮತ್ತೆಗೆ ಆ ಇಂಗ್ಲಿಷ್ ಪದ ಸರಿಯಾಗಿ ಕೇಳಿಸಲಿಲ್ಲ.

"ಮೀನಿಗೆ ಕ್ವಾರ್ಟರ್ಸಾ? ಇಷ್ಟು ವರ್ಷ ದುಡಿದ್ಯಲ್ಲೋ, ನಿನಗೇ ಕ್ವಾರ್ಟರ್ಸ್ ಕೊಟ್ಟಿಲ್ಲ ನಿನ್ನ ಫ್ಯಾಕ್ಟ್ರಿಯೋರು!"

ಸಂಜೆಯೊಳಗೆ ನಮ್ಮ ರೋಡಿಗೆಲ್ಲ ಗೊತ್ತಾಯಿತು, ಮೀನಿಗೆ ಕ್ವಾರ್ಟರ್ಸ್ ಅಲಾಟ್ ಆಗಿದೆ ಅಂತ.

ಕ್ವಾರ್ಟರ್ಸಿನ ಕಾನೂನು ಕೇಳಿ. ಆ ತೊಟ್ಟಿಯ ಮಗ್ಗು ಈ ತೊಟ್ಟಿಗೆ ಮುಟ್ಟಬಾರದು. ಬಲೆ ಬೇರೆ, ಬಕೆಟ್ ಬೇರೆ, ಕೈ ಒರೆಸುವ ಬಟ್ಟೆ ಬೇರೆ. ಆ ರೂಮಿಗೆ ಹೋಗಿ ಬಂದವರು ಮೊಣಕೈವರೆಗೆ ಸೋಪು ಹಾಕಿ ತೊಳೆಯದೆ ಆಚಾರ್ರ ಹತ್ತಿರ ಸುಳಿಯಬಾರದು. ಒಂದು ಸಲ ಬೀರುವಿನಿಂದ ಸೀರೆ ತರಲು ಹೋಗಿ ಬಂದ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ತೊಟ್ಟಿ ಮುಟ್ಟಿದ್ಯಾ? ನಿಜ ಹೇಳು" ಅಂತ ವಿಚಾರಣೆ ಮಾಡಿದರು!

ನಮ್ಮತ್ತೆ ಇದನ್ನೆಲ್ಲ ಹೂಬತ್ತಿ ಹೊಸೆಯುತ್ತಾ ನೋಡುತ್ತಿದ್ದರು.

"ಅಲ್ವೋ, ನಾನು ಮಡಿ ಅಂದ್ರೆ 'ಯಾವ ಕಾಲದಲ್ಲಿದೀಯಮ್ಮಾ' ಅಂತ ಭಾಷಣ ಬಿಗೀತಿದ್ದೆ. ಈಗ ನೀನು ಮಾಡ್ತಿರೋದೇನು?"

"ಅಮ್ಮಾ, ಇದು ಸೈನ್ಸು."

"ಹೂಂ. ನಾನು ಮಾಡಿದ್ರೆ ಮಡಿ. ನೀನು ಮಾಡಿದ್ರೆ ಸೈನ್ಸು."

ನಮ್ಮ ಯಜಮಾನರು ಕಣ್ಣು ಉಜ್ಜಿಕೊಂಡರು.

ಮತ್ತೆ ಉಜ್ಜಿಕೊಂಡರು. ಬೆಳಗ್ಗೆ ಎದ್ದಾಗ ಎರಡೂ ಕಣ್ಣು ಕೆಂಡ.

"ಇಂಜಿನ್ನಿನ ಹೊಗೆ ಕಣೇ. ಕಿಟಕಿ ಪಕ್ಕ ಕೂತಿದ್ದೆ" ಅಂದರು. ಅಂದವರು ಸಾರ್ವಜನಿಕ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. (ಸಾರ್ವಜನಿಕ ಟವೆಲ್ ಅಂದರೆ ನಿಮಗೆ ಗೊತ್ತಲ್ಲ? ಬಚ್ಚಲಮನೆ ಬಾಗಿಲ ಹಿಂದೆ ಮೊಳೆಗೆ ಇಡೀ ಸಂಸಾರಕ್ಕೆ ಅಂತ ಒಂದು ತೂಗುತ್ತಿರುತ್ತದಲ್ಲ, ಅದು. ನಿಮ್ಮ ಮನೆಯಲ್ಲೂ ಇದೆ. ಹೋಗಿ ನೋಡಿ.)

ಆಮೇಲೆ ಸುಮಿತ್ರಳ ಕಣ್ಣು. ಆಮೇಲೆ ಅತ್ತೆಯದು. ಕೊನೆಗೆ ನನ್ನದು. ನಾಲ್ಕು ಜನ ಮೆರವಣಿಗೆಯಲ್ಲಿ ನಮ್ಮ ಬ್ಲಾಕಿನ ಡಾಕ್ಟರ ಹತ್ತಿರ ಹೋದೆವು. ಅವರು ದೂರದಿಂದಲೇ ಟಾರ್ಚ್ ಬಿಟ್ಟು ನೋಡಿದರು.

"ಮದ್ರಾಸ್ ಐ. ಯಾರು ಹೋಗಿದ್ರು ಮದ್ರಾಸಿಗೆ?"

ಮೂರು ಜೊತೆ ಕೆಂಪು ಕಣ್ಣು ಒಬ್ಬರ ಕಡೆಗೇ ತಿರುಗಿದವು.

"ಬಂದ ದಿನಾನೇ ಇವರನ್ನ ಬೇರೆ ರೂಮಲ್ಲಿ ಇಟ್ಟು, ಬೇರೆ ಟವೆಲ್, ಬೇರೆ ದಿಂಬು ಕೊಟ್ಟಿದ್ರೆ ನಿಮಗ್ಯಾರಿಗೂ ಬರ್ತಿರಲಿಲ್ಲಮ್ಮಾ" ಅಂದರು ಡಾಕ್ಟರು ನನ್ನನ್ನು ನೋಡಿ.

"ರೂಮ್ ಖಾಲಿ ಇರಲಿಲ್ಲ ಡಾಕ್ಟ್ರೇ. ಮೀನಿದೆ" ಅಂದೆ.

ಅದಕ್ಕೂ ಔಷಧಿ ಬರೆಯಬೇಕೇನೋ ಅನ್ನುವ ಹಾಗೆ ಡಾಕ್ಟರು ನನ್ನ ಮುಖ ನೋಡಿದರು. ಡ್ರಾಪ್ಸ್ ಬರೆದುಕೊಟ್ಟು, ವಾರ ಕಾಲ ಯಾರ ಹತ್ತಿರಕ್ಕೂ ಹೋಗಬೇಡಿ ಅಂದರು.

ಹತ್ತಿರಕ್ಕೆ ಹೋಗಬೇಡಿ ಅಂದರೆ? ಭಾನುವಾರ ತುಮಕೂರಿನವರು ಬರುತ್ತಿದ್ದಾರೆ!

ಈಗ ಸುಮಿತ್ರಳ ವಿಷಯ ಹೇಳಬೇಕು. ಮಾವನವರು ತೀರಿಕೊಂಡ ಮೇಲೆ ಅವಳ ಮದುವೆ ಅಣ್ಣನ ಜವಾಬ್ದಾರಿ. ಎಷ್ಟೋ ಜನ ಬಂದು ನೋಡಿಕೊಂಡು ಹೋಗಿದ್ದಾರೆ. ಒಬ್ಬಾಕೆ ನಡೆದು ತೋರಿಸು ಅಂದಳು. ಇನ್ನೊಬ್ಬಾಕೆ ಸೂಜಿಗೆ ದಾರ ಪೋಣಿಸು ಅಂದಳು. ಒಬ್ಬ ಹುಡುಗ ಹಾಡು ಹೇಳಿಸಿ, ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದು, ಬಣ್ಣ ಸ್ವಲ್ಪ ಕಮ್ಮಿ ಅಂತ ಹೇಳಿ ಕಳಿಸಿದ. ಪ್ರತಿ ಸಲವೂ ಸುಮಿತ್ರ ಮಾರನೇ ದಿನ ಏನೂ ಆಗದವಳ ಹಾಗೆ ಆಫೀಸಿಗೆ ಹೋಗುತ್ತಾಳೆ. ಆದರೆ ಮಿಕ್ಕ ಉಪ್ಪಿಟ್ಟನ್ನು ಮಾತ್ರ ಅವಳು ಮುಟ್ಟುವುದಿಲ್ಲ. ನಾನು ನೋಡಿದ್ದೇನೆ.

"ಬರಬೇಡಿ ಅಂತ ತಿಳಿಸೋಣ" ಅಂದೆ. ಹೇಗೆ ತಿಳಿಸುವುದು? ಅವರ ಮನೆಯಲ್ಲಿ ಫೋನಿಲ್ಲ. ಕಾಗದ ತಲುಪುವುದರೊಳಗೆ ಅವರೇ ತಲುಪಿರುತ್ತಾರೆ. ಟೆಲಿಗ್ರಾಂ ಕೊಟ್ಟರೆ ಯಾರೋ ಹೋಗಿಬಿಟ್ಟರು ಅಂತ ಅಳುತ್ತಾ ಇನ್ನೂ ಬೇಗ ಬರುತ್ತಾರೆ.

ಸುಮಿತ್ರ ನಕ್ಕಳು. "ಬರ್ಲಿ ಬಿಡಿ ಅತ್ತಿಗೆ. ಇಷ್ಟು ಜನ ಬಂದು ಹೋದ್ರಲ್ಲ, ತಲೆ ಬಗ್ಗಿಸಿ ಬಗ್ಗಿಸಿ ಒಬ್ಬರ ಮುಖಾನೂ ನಾನು ಸರಿಯಾಗಿ ನೋಡಿಲ್ಲ. ಕೂಲಿಂಗ್ ಗ್ಲಾಸ್ ಇದ್ರೆ ನಾನು ಎಲ್ಲಿ ನೋಡ್ತಿದೀನಿ ಅಂತ ಯಾರಿಗೆ ಗೊತ್ತಾಗತ್ತೆ?"

ಯಜಮಾನರು ಪ್ರಾಯಶ್ಚಿತ್ತಕ್ಕೆ ಅಂತ ಮೆಜೆಸ್ಟಿಕ್ಕಿನ ಫುಟ್‌ಪಾತಿನಿಂದ ನಾಲ್ಕು ಕೂಲಿಂಗ್ ಗ್ಲಾಸ್ ತಂದರು. ಅತ್ತೆಯ ಪಾಲಿಗೆ ಬಂದದ್ದು ಚಿಟ್ಟೆಯ ರೆಕ್ಕೆಯ ಹಾಗೆ ಮೇಲಕ್ಕೆದ್ದ ಫ್ರೇಮು. ಅದನ್ನು ಹಾಕಿಕೊಂಡೇ ವಿಷ್ಣುಸಹಸ್ರನಾಮ ಹೇಳಿದರು.

ಹೀಗೆ ಬಂತು ಆ ಭಾನುವಾರ.

ಹೆಡ್‌ಮಾಸ್ಟರ ಪ್ರಶ್ನೆಗೆ ಯಜಮಾನರು ಇದ್ದದ್ದು ಇದ್ದ ಹಾಗೆ ಹೇಳಿದರು. ಮದ್ರಾಸ್ ಐ ಅಂತ ಕಿವಿಗೆ ಬಿದ್ದ ಕೂಡಲೇ ಗಂಡಿನ ತಾಯಿ ಕುರ್ಚಿ ಸಮೇತ ಹಿಂದಕ್ಕೆ ಸರಿದರು. ಸೆರಗಿನಿಂದ ಕಣ್ಣು ಮುಚ್ಚಿಕೊಂಡು, "ಏಳ್ರೀ, ಹೋಗೋಣ" ಅಂತ ಗಂಡನಿಗೆ ಪಿಸುಗುಟ್ಟಿದರು. ಎಲ್ಲರಿಗೂ ಕೇಳಿಸಿತು. ಅತ್ತೆಯ ಜಪಮಣಿ ನಿಂತಿತು.

ಹುಡುಗನ ಹೆಸರು ವಿಶ್ವನಾಥ. ತುಮಕೂರಿನ ಪಂಪ್‌ಸೆಟ್ ಕಂಪನಿಯೊಂದರಲ್ಲಿ ಇಂಜಿನಿಯರು. ಒಂದು ಮಾತೂ ಆಡದೆ ಆಚಾರ್ರನ್ನೇ ನೋಡುತ್ತಿದ್ದ. ಸುಮಿತ್ರ ಗೋಡೆಯ ಪಕ್ಕ ನಿಂತು, ಕತ್ತು ನೆಟ್ಟಗಿಟ್ಟುಕೊಂಡು, ಅವನನ್ನೇ ನೋಡುತ್ತಿದ್ದಳು. ರಾಜಾರೋಷವಾಗಿ!

ಆಗ ಕರೆಂಟ್ ಹೋಯಿತು.

ಗುರ್ರ್ ಅನ್ನುತ್ತಿದ್ದ ಪಂಪುಗಳು ಎರಡೂ ತೊಟ್ಟಿಯಲ್ಲಿ ನಿಂತವು. "ಗಾಳಿ! ಗಾಳಿ!" ಅಂತ ಯಜಮಾನರು ಕಿರುಚಿ ಎದ್ದರು. ಯಾರಿಗೋ ತಲೆ ಸುತ್ತಿ ಬಂತು ಅಂದುಕೊಂಡ ಹೆಡ್‌ಮಾಸ್ಟರು ಪಾಪ, ಪೇಪರ್ ತಗೊಂಡು ಹೆಂಡತಿಗೆ ಬೀಸತೊಡಗಿದರು.

ಇವರು ಹಾಲ್‌ನಲ್ಲಿದ್ದ ತೊಟ್ಟಿಯ ನೀರನ್ನು ಮಗ್ಗಿನಲ್ಲಿ ಎತ್ತಿ ಎತ್ತಿ ಸುರಿಯಲು ಶುರುಮಾಡಿದರು. ಹಾಗೆ ಸುರಿದರೆ ನೀರಿಗೆ ಗಾಳಿ ಸೇರುತ್ತದಂತೆ. "ಸುಮೀ! ಸೈಕಲ್ ಪಂಪು! ಆ ರೂಮು!" ಸುಮಿತ್ರ ಸೈಕಲ್ ಪಂಪು ಹಿಡಿದು ಒಳಗೆ ಓಡಿದಳು. ನಾನೂ ಓಡಲು ಹೋದೆ.

"ನೀನು ಬೇಡ! ಈ ತೊಟ್ಟಿ ಮುಟ್ಟಿದೀಯ!"

ಸೈಕಲ್ ಪಂಪಿನ ಬಾಯಿಗೆ ತೊಟ್ಟಿಯ ರಬ್ಬರ್ ಟ್ಯೂಬು ಸರಿಯಾಗಿ ಕೂರುವುದಿಲ್ಲ. ಒಬ್ಬರು ಟ್ಯೂಬು ಹಿಡಿದುಕೊಳ್ಳಬೇಕು, ಒಬ್ಬರು ಒತ್ತಬೇಕು. ಒಳಗಿನಿಂದ "ಅಣ್ಣಾ, ಕಿತ್ಕೊಂಡ್ ಬರ್ತಿದೆ" ಅಂತ ಸುಮಿತ್ರಳ ಕೂಗು. ಅಣ್ಣನ ಎರಡು ಕೈಯೂ ಇಲ್ಲಿ ಬಿಡುವಿಲ್ಲ.

ವಿಶ್ವನಾಥ ಎದ್ದು ನಿಂತ.

"ನಾನು ಒತ್ಲಾ ಸಾರ್? ನಾನು ಯಾವ ತೊಟ್ಟೀನೂ ಮುಟ್ಟಿಲ್ಲ."

"ಲೋ ವಿಶೂ!" ಅಂದರು ಅವನ ತಾಯಿ. ವಿಶೂ ಆಗಲೇ ಒಳಗೆ ಹೋಗಿದ್ದ.

ಹೆಣ್ಣೂ ಗಂಡೂ ಒಂದೇ ರೂಮಿನಲ್ಲಿ! ಬಾಗಿಲೇನೋ ತೆಗೆದೇ ಇತ್ತು. ಆದರೂ ನಮ್ಮತ್ತೆ ಅದುರಿಹೋದರು. ಜೊತೆಗಿರೋಣ ಅಂತ ಎದ್ದವರನ್ನು ಮಗ ತಡೆದರು: "ಯಾರೂ ಹೋಗ್ಬೇಡಿ! ಅಲ್ಲಿರೋರೂ ಕರೆಂಟ್ ಬರೋವರೆಗೆ ಇಲ್ಲಿಗೆ ಬರಬೇಡಿ! ಕ್ವಾರಂಟೈನ್!"

ಹಾಲಿನಲ್ಲಿ ನಾವೆಲ್ಲ ಕೂತೆವು. ಒಳಗಿನಿಂದ ಚುಸ್... ಚುಸ್... ಚುಸ್. ಅದು ಕೇಳಿಸುತ್ತಿದ್ದಷ್ಟು ಹೊತ್ತು ಎರಡೂ ಕಡೆಯ ತಾಯಂದಿರಿಗೆ ಸಮಾಧಾನ. ನಿಂತರೆ ಇಬ್ಬರಿಗೂ ಎದೆ ಢವಢವ. ನಡುನಡುವೆ ಮಾತು. "ಟ್ಯೂಬ್ ಎಷ್ಟುದ್ದ ಇದೆಯೋ ಅಷ್ಟು ದೂರ ನಿಂತ್ಕೊಳ್ಳಿ, ನನ್ ಕಣ್ಣು ನಿಮಗೆ ಬಂದೀತು" ಅನ್ನುವುದು ಸುಮಿತ್ರಳ ದನಿ. ಆಮೇಲೆ ಟೈಪಿಂಗು, ಆಫೀಸು, ಟ್ರಾನ್ಸ್‌ಫರು, ಏನೇನೋ.

ಒಮ್ಮೆ ಚುಸ್ ಚುಸ್ ನಿಂತಿತು. ಹುಡುಗನ ದನಿ ಸ್ಪಷ್ಟವಾಗಿ ಕೇಳಿಸಿತು.

"ನನ್ ಕೈ ಸೋತೋಯ್ತು ಕಣ್ರೀ. ಸ್ವಲ್ಪ ನೀವು ಒತ್ತಿ, ನಾನು ಹಿಡ್ಕೋತೀನಿ."

ಸುಮಿತ್ರ ಗಟ್ಟಿಯಾಗಿ ನಕ್ಕಳು. ಹೆಡ್‌ಮಾಸ್ಟರು ಸೂರು ನೋಡಿದರು. ಮತ್ತೆ ಚುಸ್ ಚುಸ್ ಶುರುವಾಯಿತು. ಈ ಸಲ ಇನ್ನೂ ಜೋರಾಗಿ.

ಕರೆಂಟ್ ಬಂದ ಮೇಲೆ ಇಬ್ಬರೂ ಹೊರಗೆ ಬಂದರು. ಹುಡುಗನಿಗೆ ಮೊಣಕೈವರೆಗೆ ಸೋಪು ಹಾಕಿಸಿಯೇ ಯಜಮಾನರು ಬಿಟ್ಟದ್ದು. "ಊರಿಗೆ ಹೋಗಿ ತಿಳಿಸ್ತೀವಿ" ಅಂತ ಹೇಳಿ ಅವರು ಹೊರಟರು. ತಿಳಿಸ್ತೀವಿ ಅಂದರೆ ಏನರ್ಥ ಅಂತ ಹೆಣ್ಣು ಹೆತ್ತವರಿಗೆಲ್ಲ ಗೊತ್ತು.

ಆದರೆ ಆ ದಿನ ಸುಮಿತ್ರ ಒಂದು ತಟ್ಟೆ ತುಂಬ ಉಪ್ಪಿಟ್ಟು ತಿಂದಳು.

ಮುಂದಿನ ದಿನಗಳು ಚೆನ್ನಾಗಿರಲಿಲ್ಲ. ತುಮಕೂರಿನಿಂದ ಸುದ್ದಿಯಿಲ್ಲ. ಅತ್ತೆ ಮಗನ ಹತ್ತಿರ ಮಾತು ಬಿಟ್ಟರು. ಸಾಲದ್ದಕ್ಕೆ ಕ್ವಾರ್ಟರ್ಸಿನ ಮೀನುಗಳಲ್ಲಿ ಒಂದರ ರೆಕ್ಕೆ ಮೇಲೆ ಬಿಳಿ ಚುಕ್ಕೆ ಎದ್ದಿತು. ಅಂದರೆ ಇವರು ಮಾಡಿದ್ದೇ ಸರಿ! ಸೀದಾ ಬಿಟ್ಟಿದ್ದರೆ ಆಚಾರ್ರ ಕಥೆ ಮುಗಿಯುತ್ತಿತ್ತು. ಬೇರೆ ದಿನವಾಗಿದ್ದರೆ ಇದನ್ನು ಇಡೀ ರೋಡಿಗೆ ಸಾರಿ ಬರುತ್ತಿದ್ದರು. ಈಗ ಸುಮ್ಮನೆ ಕೂತು ಮೈಲುತುತ್ತ ಕರಗಿಸಿ, ಹನಿ ಹನಿ ಲೆಕ್ಕ ಹಾಕಿ ನೀರಿಗೆ ಬಿಟ್ಟರು. "ಅಮ್ಮ ಆಗಿದೆ, ಒಂದು ಬೇವಿನೆಲೆ ಹಾಕೋ" ಅಂತ ಅತ್ತೆ ಗೋಡೆಗೆ ಹೇಳಿದರು.

"ಮೀನನ್ನ ಕಾಪಾಡ್ದೆ. ನಿನ್ ಸಂಬಂಧ ಹಾಳ್ಮಾಡ್ದೆ" ಅಂದರು ಯಜಮಾನರು ತಂಗಿಗೆ.

"ಸುಮ್ನಿರಣ್ಣ. ಕಣ್ಣು ಬಿಡಕ್ಕಾದ ಮೇಲೆ ಅವ್ರೇ ಬರ್ತಾರೆ" ಅಂದಳು.

ನನಗೆ ಅರ್ಥವಾಗಲಿಲ್ಲ. ಮುಂದಿನ ವಾರ ಗೇಟು ಸದ್ದಾಯಿತು. ನೋಡಿದರೆ ಹೆಡ್‌ಮಾಸ್ಟರು. ಕಣ್ಣಿಗೆ ಕಪ್ಪು ಕೂಲಿಂಗ್ ಗ್ಲಾಸು!

"ಮೂರು ಜನಕ್ಕೂ ಬಂತು. ಅದಕ್ಕೇ ತಡವಾಯ್ತು" ಅಂದರು ಕೂರುತ್ತಾ. ನಮಗೆ ನೆಲ ಬಿರಿದರೆ ಸಾಕು ಅನ್ನಿಸಿತು. "ನಮ್ಮಾಕೆಗೆ ಇನ್ನೂ ಸಿಟ್ಟಿದೆ. ಅದು ಇಳಿಯುತ್ತೆ. ನಮ್ಮ ಹುಡುಗ ಒಪ್ಪಿದಾನೆ. ನಿಮ್ಮ ಹುಡುಗೀನ ಒಂದು ಮಾತು ಕೇಳಿ."

ಅತ್ತೆ ದೇವರಮನೆ ಕಡೆ ಕೈ ಮುಗಿದರು. ಯಜಮಾನರು "ಅವಳನ್ನೇನು ಕೇಳೋದು ಸಾರ್" ಅಂತ ಎದ್ದರು. ಅಷ್ಟರಲ್ಲಿ ಸುಮಿತ್ರ ಬಾಗಿಲಿಗೆ ಬಂದಳು. ಈಗ ಅವಳ ಕಣ್ಣಿಗೆ ಕನ್ನಡಕವಿಲ್ಲ. ತಲೆ ಬಗ್ಗಿಸಿರಲೂ ಇಲ್ಲ.

"ನನಗೆ ಅವರು ಇಷ್ಟ ಆಗಿದಾರೆ. ಕೈ ಸೋತರೆ ಸೋತಿದೆ ಅಂತ ಹೇಳೋ ಗಂಡಸು. ಆದ್ರೆ ಒಂದು ದಿನದಲ್ಲಿ ನಾನು ಹೇಗೆ ಹೇಳ್ಲಿ? ಸ್ವಲ್ಪ ದಿನ ಭಾನುವಾರ ಭಾನುವಾರ ಬಂದು ಹೋಗ್ತಿರ್ಲಿ. ಮಾತಾಡ್ತೀವಿ. ಆಮೇಲೆ ಹೇಳ್ತೀನಿ."

"ಸುಮೀ!" ಅಂದರು ಯಜಮಾನರು. "ಹುಡುಗನ್ನ ಕ್ವಾರಂಟೈನ್ ಮಾಡ್ತೀಯಾ? ಮದುವೆ ಅಂದ್ರೆ ಏನಂದ್ಕೊಂಡಿದೀಯ?"

"ಬೆರಳುದ್ದದ ಮೀನಿಗೆ ನೀನು ಇಷ್ಟು ಯೋಚನೆ ಮಾಡ್ತೀಯಲ್ಲಣ್ಣ?"

ನಾವೆಲ್ಲ ಹೆಡ್‌ಮಾಸ್ಟರ ಮುಖ ನೋಡಿದೆವು. ಕಪ್ಪು ಗಾಜಿನ ಹಿಂದೆ ಏನು ನಡೆಯುತ್ತಿದೆ ಅಂತ ಹೇಗೆ ಗೊತ್ತಾಗಬೇಕು? ಸುಮಿತ್ರಳ ಕೈ ಸೆರಗನ್ನು ಹಿಂಡುತ್ತಿದ್ದುದನ್ನು ನಾನೊಬ್ಬಳೇ ನೋಡಿದೆ. ಇದೂ ಕೈತಪ್ಪಿದರೆ ಅತ್ತೆ ಅವಳನ್ನು ಬದುಕಿರುವವರೆಗೆ ಬಿಡುವುದಿಲ್ಲ ಅಂತ ಅವಳಿಗೂ ಗೊತ್ತು.

ಹೆಡ್‌ಮಾಸ್ಟರು ಎದ್ದರು. "ಮೂವತ್ತು ವರ್ಷ ಪಾಠ ಹೇಳಿದೀನಮ್ಮಾ. ಪ್ರಶ್ನೆ ಪೂರ್ತಿ ಓದ್ಕೊಂಡು ಉತ್ತರ ಬರೀರಿ ಅಂತ ಬಡ್ಕೊಂಡಿದೀನಿ. ಒಬ್ರೂ ಕೇಳಿರಲಿಲ್ಲ" ಅಂದರು. "ಅವನನ್ನೇ ಕಳಿಸ್ತೀನಿ."

ಆ ಭಾನುವಾರ ವಿಶ್ವನಾಥ ಬಂದ. ಒಬ್ಬನೇ. ಹೆಗಲ ಮೇಲೆ ಒಂದು ಟವೆಲ್ಲು. "ನಂದೇ ತಂದಿದೀನಿ ಸಾರ್" ಅಂತ ಯಜಮಾನರಿಗೆ ತೋರಿಸಿ, ನೇರ ಬಚ್ಚಲಮನೆಗೆ ಹೋಗಿ ಮೊಣಕೈವರೆಗೆ ಸೋಪು ಹಾಕಿದ. ಅತ್ತೆಗೆ ಅಲ್ಲೇ ಸಿಟ್ಟು ಅರ್ಧ ಇಳಿಯಿತು.

ಆಮೇಲೆ ಹಲವು ಭಾನುವಾರ ಬಂದಿದ್ದಾನೆ. ಕಾಂಪೌಂಡಿನಲ್ಲಿ ಇಬ್ಬರೂ ಕೂತು ಮಾತಾಡುತ್ತಾರೆ. ಒಂದು ದಿನ ಜಗಳವನ್ನೂ ಆಡಿದರು. (ಅವನು ರಾಜಿಗೆ ಬಂದ. ಒಳ್ಳೇ ಲಕ್ಷಣ.) ನೀಲಿ ಮೀನುಗಳ ಮೈ ಕನ್ನಡಿಯಾಗಿದೆ. ಇನ್ನೂ ಸ್ವಲ್ಪ ದಿನ ಇರಲಿ ಅಂತ ಯಜಮಾನರು ಕ್ವಾರ್ಟರ್ಸ್ ಖಾಲಿ ಮಾಡಿಸಿಲ್ಲ. ಸುಮಿತ್ರ ಮೊನ್ನೆ "ಹೂಂ" ಅಂದಳು. ಅತ್ತೆ ಛತ್ರ ಹುಡುಕಲು ಹೊರಟಿದ್ದಾರೆ.

ಎಲ್ಲ ಸುಖವಾಯಿತು. ನನಗೆ ಮಾತ್ರ ಒಂದು ಯೋಚನೆ ಹತ್ತಿದೆ. ನನ್ನನ್ನು ನೋಡಲು ಬಂದ ದಿನ ನಮ್ಮ ಯಜಮಾನರು ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಕೂತಿದ್ದರು. ಹಾಡು ಬರುತ್ತಾ ಅಂತ ಕೇಳಿದರು. ಹೊಲಿಗೆ ಬರುತ್ತಾ ಅಂತ ಕೇಳಿದರು. ನಕ್ಷತ್ರ ಕೇಳಿದರು, ಗೋತ್ರ ಕೇಳಿದರು.

ಮೀನಿನ ವಿಷಯ ಒಬ್ಬರಾದರೂ ಎತ್ತಿದರಾ?